ಮೋರೆ ತೊಳೆದ ಮೇಲೆ ಏರಿದ ಬಿ.ಪಿ.

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ, ಕಾರವಾರದ ಮೀನು ಮಾರ್ಕೆಟ್ಟಿನಿಂದ ಬಿಸಿಲಿನಲ್ಲಿ ನಡೆದುಬಂದ ನಮ್ಮ ನೆರೆಮನೆಯವರು, ಕೈಯಲ್ಲಿದ್ದ ಚೀಲವನ್ನು ಮೆಟ್ಟಿಲ ಮೇಲೆಯೇ ಇಟ್ಟು ನಮ್ಮ ಜಗುಲಿಗೆ ಬಂದು ಕುಳಿತು ಎಡತೋಳನ್ನು ಚಾಚಿದರು. ನನ್ನಲ್ಲಿ ಬಿ.ಪಿ. ನೋಡುವ ಯಂತ್ರವಿದೆಯೆಂಬ ಕಾರಣಕ್ಕೆ ಓಣಿಯ ನಾಲ್ಕಾರು ಮಂದಿ ವಾರಕ್ಕೊಮ್ಮೆಯಾದರೂ ಹೀಗೆ ತೋಳು ಚಾಚುವುದುಂಟು. ಪ್ರೌಢಶಾಲೆಯಲ್ಲಿ 31 ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳಿಗೆ ಇಷ್ಟು ಪ್ರಯೋಗಶಾಲೆಯಾದರೂ ಉಳಿದಿದೆಯಲ್ಲ ಎಂಬ ಸಮಾಧಾನದಿಂದ ನಾನೂ ತೋಳಿಗೆ ಪಟ್ಟಿ ಸುತ್ತುತ್ತೇನೆ. ಅಂದು ಯಂತ್ರ ತೋರಿಸಿದ್ದು 148/92, ನಾಡಿಬಡಿತ 86.

"ತಡೀರಿ ಅಕ್ಕೋರೇ, ಮೋರೆ ತೊಳ್ಕಂಡು ಬರ್ತೆ. ಸ್ವಲ್ಪ ತಂಪಾಗ್ಲಿ, ಆಮೇಲೆ ನೋಡುವಾ" ಎಂದು ಅವರು ಒಳಗೆ ಹೋಗಿ, ನಮ್ಮ ಫ್ರಿಜ್ಜಿನಲ್ಲಿದ್ದ ಎರಡು ಬಾಟಲಿ ನೀರನ್ನು ಸ್ಟೀಲಿನ ಬೋಗುಣಿಗೆ ಸುರುವಿಕೊಂಡು, ಮುಖವನ್ನು ಮೂರು ನಾಲ್ಕು ಸಲ ಅದರಲ್ಲಿ ಅದ್ದಿ, ಅದೇ ನೀರಿನಲ್ಲಿ ತೋಯಿಸಿದ ಟವೆಲ್ಲನ್ನು ಹಣೆಗೂ ಕೆನ್ನೆಗೂ ಒತ್ತಿ ಹಿಡಿದುಕೊಂಡೇ ಬಂದು ಕುಳಿತರು. ಮುಖದಲ್ಲಿ ಹಾಯೆನಿಸಿದ ಭಾವವಿತ್ತು. ಟವೆಲ್ಲು ಹಣೆಯ ಮೇಲಿರುವಾಗಲೇ ನಾನು ಎರಡನೆಯ ಸಲ ಗುಂಡಿ ಒತ್ತಿದೆ. ಈ ಸಲ ಬಂದದ್ದು 157/97, ನಾಡಿಬಡಿತ 72.

ನಿಮ್ಮ ಯಂತ್ರ ಕೆಟ್ಟಿದೆ ಎಂದು ತೀರ್ಪು ಕೊಟ್ಟು ಅವರು ಮೀನಿನ ಚೀಲ ಎತ್ತಿಕೊಂಡು ಹೊರಟರು. ಮೈ ತಂಪಾದ ಮೇಲೆ ಬಿ.ಪಿ. ಇಳಿಯಬೇಕಲ್ಲದೆ ಏರುವುದೆಂದರೇನು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲಿ ತಂಪು ಎಂಬ ಮಾತಿಗೆ ಶಾಂತಿ, ಇಳಿತ, ವಿಶ್ರಾಂತಿ ಎಂಬ ಅರ್ಥಗಳೆಲ್ಲ ಅಂಟಿಕೊಂಡಿವೆ. ಸಿಟ್ಟು ಬಂದವನಿಗೂ, ತಲೆ ತಿರುಗಿದವಳಿಗೂ, ಪರೀಕ್ಷೆಗೆ ಹೆದರಿದ ಹುಡುಗನಿಗೂ ನಾವು ಹೇಳುವ ಮದ್ದು ಒಂದೇ, ಮುಖಕ್ಕೆ ತಣ್ಣೀರು ಹಾಕಿಕೋ. ನನಗಾದರೋ ಯಂತ್ರ ಕೆಟ್ಟಿಲ್ಲವೆಂಬುದು ಆ ಎರಡನೆಯ ಅಂಕಿಯಿಂದಲೇ ಗೊತ್ತಾಯಿತು. ಕೆಟ್ಟ ಯಂತ್ರವಾಗಿದ್ದರೆ ಅದು ಅಡ್ಡಾದಿಡ್ಡಿಯಾಗಿ ಏನನ್ನೋ ತೋರಿಸುತ್ತಿತ್ತು. ಇಲ್ಲಿ ಒತ್ತಡ ಏರಿದೆ, ಬಡಿತ ಇಳಿದಿದೆ, ಮತ್ತು ತಣ್ಣೀರು ತಾಗಿದ ಮುಖ ಮಾಡುವ ಕೆಲಸವೇ ಅದು. ತರಗತಿಯಲ್ಲಿ ಎಷ್ಟೋ ವರ್ಷ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದ ಸಂಗತಿಯೊಂದು ನನ್ನದೇ ಜಗುಲಿಯಲ್ಲಿ, ಬಂಗಡೆಯ ವಾಸನೆಯ ನಡುವೆ, ಅಂಕಿಗಳಾಗಿ ಮೂಡಿದ್ದನ್ನು ನೋಡಿ ಆ ದಿನವಿಡೀ ನಾನು ಅದನ್ನೇ ಯೋಚಿಸಿದೆ.

ಮುಖದ ಚರ್ಮದ ಸ್ಪರ್ಶ, ನೋವು, ಬಿಸಿ ಮತ್ತು ತಂಪುಗಳ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ಟ್ರೈಜೆಮಿನಲ್ ಎಂಬ ನರ. ಅದಕ್ಕೆ ಮೂರು ಕವಲು: ಒಂದು ಹಣೆ ಮತ್ತು ಕಣ್ಣಿನ ಭಾಗಕ್ಕೆ, ಇನ್ನೊಂದು ಕೆನ್ನೆ ಮತ್ತು ಮೇಲ್ದುಟಿಗೆ, ಮತ್ತೊಂದು ಕೆಳದವಡೆಗೆ. ತಂಪನ್ನು ಗುರುತಿಸುವ ಗ್ರಾಹಕಗಳು ಈ ನರದ ತುದಿಗಳಲ್ಲಿವೆ. ಅವುಗಳಲ್ಲಿ ಮುಖ್ಯವಾದೊಂದನ್ನು ವಿಜ್ಞಾನಿಗಳು ಗುರುತಿಸಿದ್ದು 2002ರಷ್ಟು ಈಚೆಗೆ, ಅದೂ ಪುದೀನದಲ್ಲಿರುವ ಮೆಂಥಾಲಿನ ಜಾಡು ಹಿಡಿದು. ತಲೆನೋವಿನ ಮುಲಾಮನ್ನು ಹಣೆಗೆ ಸವರಿದಾಗ ಚರ್ಮದ ಉಷ್ಣತೆ ಇಳಿಯದಿದ್ದರೂ ತಣ್ಣಗೆನಿಸುವುದು ಮೆಂಥಾಲು ಅದೇ ಗ್ರಾಹಕವನ್ನು ಮೋಸಗೊಳಿಸುವುದರಿಂದ. ಮುಖದ ಎಲ್ಲ ಭಾಗಗಳೂ ಈ ವಿಷಯದಲ್ಲಿ ಸಮಾನವಲ್ಲ. ಹಣೆ ಮತ್ತು ಕಣ್ಣಿನ ಸುತ್ತಲಿನ ಜಾಗ ತಂಪಾದರೆ ಹೃದಯದ ಮೇಲೆ ಆಗುವ ಪರಿಣಾಮ ಹೆಚ್ಚು. ಗಲ್ಲವನ್ನೋ ಕೆನ್ನೆಯನ್ನೋ ಮಾತ್ರ ತೋಯಿಸಿದರೆ ಕಡಿಮೆ.

ಈ ಸುದ್ದಿ ಮಿದುಳಿನ ಕಾಂಡವನ್ನು ತಲುಪಿದೊಡನೆ ಅಲ್ಲಿಂದ ಎರಡು ಆಜ್ಞೆಗಳು ಹೊರಡುತ್ತವೆ. ಮೊದಲನೆಯದು ವೇಗಸ್ ನರದ ಮೂಲಕ ಹೃದಯಕ್ಕೆ. ಲ್ಯಾಟಿನ್ನಿನಲ್ಲಿ ವೇಗಸ್ ಎಂದರೆ ಅಲೆಮಾರಿ. ತಲೆಬುರುಡೆಯಿಂದ ಹೊರಟು ಕೊರಳು, ಎದೆ, ಹೊಟ್ಟೆಗಳನ್ನೆಲ್ಲ ಸುತ್ತುವ ಈ ನರಕ್ಕೆ ಅದು ತಕ್ಕ ಹೆಸರು. ಹೃದಯಕ್ಕೆ ತನ್ನದೇ ಆದ ತಾಳವಿದೆ. ನರಗಳ ಹಿಡಿತವೇ ಇಲ್ಲದಿದ್ದರೆ ಅದು ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ಮನೆ ಕುಳಿತವರ ನಾಡಿ 70ರ ಆಸುಪಾಸಿನಲ್ಲಿರುವುದು ವೇಗಸ್ ನರ ಹಗಲಿರುಳೂ ಹಗುರವಾಗಿ ಬ್ರೇಕು ಒತ್ತಿಕೊಂಡೇ ಇರುವುದರಿಂದ. ಮುಖ ತಂಪಾದಾಗ ಆ ಬ್ರೇಕು ಇನ್ನಷ್ಟು ಒತ್ತುತ್ತದೆ. ಒತ್ತುವ ಬಗೆಯನ್ನು ತೋರಿಸಿಕೊಟ್ಟವರು ಒಟ್ಟೊ ಲೋವಿ. ಅವರು ಒಂದು ಕಪ್ಪೆಯ ಹೃದಯಕ್ಕೆ ಹೋಗುವ ವೇಗಸ್ ನರವನ್ನು ಪ್ರಚೋದಿಸಿ ಅದರ ಬಡಿತ ನಿಧಾನವಾದ ಮೇಲೆ, ಆ ಹೃದಯವನ್ನು ತೊಯ್ಯಿಸಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು; ಯಾವ ನರವನ್ನೂ ಮುಟ್ಟದೆಯೇ ಎರಡನೆಯ ಹೃದಯವೂ ನಿಧಾನವಾಯಿತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ನರ ತನ್ನ ಮಾತನ್ನು ಒಂದು ರಾಸಾಯನಿಕದ ಮೂಲಕ ಹೇಳುತ್ತದೆಂಬುದು ಖಚಿತವಾಯಿತು. ಅದು ಅಸಿಟೈಲ್‌ಕೋಲಿನ್. ಲೋವಿಯವರಿಗೂ ಹೆನ್ರಿ ಡೇಲ್ ಅವರಿಗೂ 1936ರ ನೊಬೆಲ್ ಬಂದದ್ದು ಇದಕ್ಕಾಗಿ. ಹತ್ತನೆಯ ತರಗತಿಯಲ್ಲಿ ಈ ಕತೆ ಹೇಳುವಾಗ ಹಿಂದಿನ ಬೆಂಚಿನವರೂ ಕತ್ತೆತ್ತಿ ಕೇಳುತ್ತಿದ್ದರು.

ಎರಡನೆಯ ಆಜ್ಞೆ ಹೋಗುವುದು, ಮೈಯನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರಗಳ ಮೂಲಕ, ಕೈಕಾಲು, ಚರ್ಮ ಮತ್ತು ಹೊಟ್ಟೆಯ ಅಂಗಗಳ ಸಣ್ಣ ಅಪಧಮನಿಗಳಿಗೆ. ಅವು ಬಿಗಿದುಕೊಳ್ಳುತ್ತವೆ, ರಕ್ತದ ದಾರಿ ಕಿರಿದಾಗುತ್ತದೆ. ಶಿರಸಿಯ ಕಡೆ ತವರಿನ ತೋಟದಲ್ಲಿ ನನ್ನ ತಮ್ಮ ಅಡಿಕೆಗೆ ನೀರು ಬಿಡುವುದನ್ನು ನೋಡಿದವರಿಗೆ ಈ ಲೆಕ್ಕವನ್ನು ಹೇಳಿಕೊಡಬೇಕಿಲ್ಲ. ಪೈಪಿನೊಳಗಿನ ಒತ್ತಡ ಪಂಪಿನ ವೇಗವೊಂದನ್ನೇ ನೆಚ್ಚಿಕೊಂಡದ್ದಲ್ಲ. ಪಂಪನ್ನು ತುಸು ನಿಧಾನ ಮಾಡಿದರೂ, ಅದೇ ಹೊತ್ತಿಗೆ ತೋಟದ ಹತ್ತು ಗೇಟ್‌ವಾಲ್ವುಗಳಲ್ಲಿ ಆರನ್ನು ತಿರುಗಿಸಿ ಮುಚ್ಚಿಬಿಟ್ಟರೆ ಮುಖ್ಯ ಪೈಪು ಬಿಗಿದು ನಿಲ್ಲುತ್ತದೆ, ತೆರೆದಿರುವ ಜೆಟ್ಟುಗಳಲ್ಲಿ ನೀರು ಮೊದಲಿಗಿಂತ ಎತ್ತರಕ್ಕೆ ಚಿಮ್ಮುತ್ತದೆ. ನನ್ನ ನೆರೆಮನೆಯವರ ತೋಳಿನಲ್ಲಿ ಆದದ್ದು ಇದೇ. ಅವರಿಗೆ ತಂಪು ಎಂದು ಅನ್ನಿಸಿದ್ದು ಪಂಪಿನ ನಿಧಾನ, ಯಂತ್ರ ಅಳೆದದ್ದು ಪೈಪಿನ ಒತ್ತಡ.

ಇಲ್ಲೊಂದು ಸಹಜವಾದ ಅನುಮಾನ ಏಳುತ್ತದೆ. ಕೊರಳಿನ ಅಪಧಮನಿಯಲ್ಲಿಯೂ ಮಹಾಪಧಮನಿಯಲ್ಲಿಯೂ ಒತ್ತಡವನ್ನು ಸದಾ ಗಮನಿಸುವ ಗ್ರಾಹಕಗಳಿವೆ. ಒತ್ತಡ ಏರಿದರೆ ಹೃದಯವನ್ನು ನಿಧಾನಗೊಳಿಸುವುದೂ, ಇಳಿದರೆ ಚುರುಕುಗೊಳಿಸುವುದೂ ಅವುಗಳ ಕೆಲಸ. ಹಾಗಿದ್ದರೆ ತಣ್ಣೀರು ತಾಗಿದಾಗ ರಕ್ತನಾಳಗಳು ಮೊದಲು ಬಿಗಿದು, ಒತ್ತಡ ಏರಿ, ಅದನ್ನು ಸರಿಪಡಿಸುವುದಕ್ಕಾಗಿಯೇ ಹೃದಯ ನಿಧಾನವಾಗುತ್ತಿರಬಹುದಲ್ಲವೇ? ಉತ್ತರ ಕಾಲದ ಲೆಕ್ಕದಲ್ಲಿದೆ. ವೇಗಸ್ ನರದ ಪ್ರಭಾವ ಒಂದೆರಡು ಬಡಿತಗಳೊಳಗೆ ಹೃದಯವನ್ನು ಮುಟ್ಟುತ್ತದೆ, ಸಿಂಪಥೆಟಿಕ್ ನರಗಳು ನಾಳಗಳನ್ನು ಬಿಗಿಯಲು ಹಲವು ಸೆಕೆಂಡುಗಳನ್ನು ತೆಗೆದುಕೊಳ್ಳುತ್ತವೆ. ಒತ್ತಡ ಏರುವುದಕ್ಕೆ ಮೊದಲೇ ಬಡಿತ ಇಳಿಯಲು ತೊಡಗಿರುತ್ತದೆ. ಎಂದರೆ ನಿಧಾನವಾಗುವುದು ಮುಖದಿಂದಲೇ ನೇರವಾಗಿ ಬಂದ ಆಜ್ಞೆ. ಒತ್ತಡ ಏರಿದ ಮೇಲೆ ಗ್ರಾಹಕಗಳು ಅದಕ್ಕೆ ತಮ್ಮ ಪಾಲನ್ನೂ ಸೇರಿಸುತ್ತವೆ. ಸಾಮಾನ್ಯವಾಗಿ ಒಂದು ಎದ್ದರೆ ಇನ್ನೊಂದು ಕೂರುವ, ಹಗ್ಗದ ಎರಡು ತುದಿಗಳಂತಿರುವ ಈ ಎರಡು ನರವ್ಯವಸ್ಥೆಗಳು ಒಟ್ಟಿಗೇ ಎದ್ದು ನಿಲ್ಲುವ ಅಪರೂಪದ ಸಂದರ್ಭಗಳಲ್ಲಿ ಇದೂ ಒಂದು.

ಇಂಥ ವ್ಯವಸ್ಥೆ ನಮ್ಮ ಮೈಯಲ್ಲಿ ಯಾಕಿದೆ ಎಂಬುದಕ್ಕೆ ಮನುಷ್ಯರನ್ನು ಬಿಟ್ಟು ಬಾತುಕೋಳಿ ಮತ್ತು ಕಡಲಪ್ರಾಣಿಗಳಾದ ಸೀಲ್‌ಗಳ ಕಡೆ ನೋಡಬೇಕು. ಮುಳುಗಿದ ಬಾತುಕೋಳಿಯ ಹೃದಯ ನಿಧಾನವಾಗುವುದನ್ನು ಫ್ರಾನ್ಸಿನ ಪಾಲ್ ಬೆರ್ 1870ರಲ್ಲಿ ವರದಿ ಮಾಡಿದ್ದರು. ಅದೇ ದೇಶದ ಶಾರ್ಲ್ ರಿಶೆ 1890ರ ದಶಕದಲ್ಲಿ ಬಾತುಕೋಳಿಗಳ ಶ್ವಾಸನಾಳವನ್ನು ಕಟ್ಟಿ, ಕೆಲವನ್ನು ಗಾಳಿಯಲ್ಲಿಯೂ ಕೆಲವನ್ನು ನೀರಿನಲ್ಲಿ ಮುಳುಗಿಸಿಯೂ ಇಟ್ಟು ನೋಡಿದರು. ಎರಡಕ್ಕೂ ಉಸಿರಿಲ್ಲ, ಆದರೂ ನೀರಿನಲ್ಲಿದ್ದವು ಬಹಳ ಹೆಚ್ಚು ಹೊತ್ತು ಬದುಕಿದವು. ಇಂದು ಯಾವ ಸಮಿತಿಯೂ ಒಪ್ಪಿಗೆ ಕೊಡದ ಈ ಕ್ರೂರ ಪ್ರಯೋಗದಿಂದ ತಿಳಿದದ್ದು ಇಷ್ಟು: ಉಸಿರು ಕಟ್ಟುವುದು ಒಂದು, ಮುಳುಗಿದ್ದೇನೆಂದು ಮೈಗೆ ಗೊತ್ತಾಗುವುದು ಇನ್ನೊಂದು. ನಾರ್ವೆಯ ಪರ್ ಶೋಲಾಂಡರ್ 1940ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೀಲ್‌ಗಳ ಲೆಕ್ಕವನ್ನು ಬಿಡಿಸಿಟ್ಟರು. ಸೀಲ್ ಮುಳುಗಿದಾಗ ಅದರ ರಕ್ತ ಮುಖ್ಯವಾಗಿ ಮಿದುಳು ಮತ್ತು ಹೃದಯಗಳಿಗೆ ಹರಿಯುತ್ತದೆ, ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟ ಆಮ್ಲಜನಕದಿಂದಲೇ ಕೆಲಸ ಸಾಗಿಸುತ್ತವೆ. ಹಾಗೆ ದುಡಿದ ಸ್ನಾಯುಗಳಲ್ಲಿ ಹುಟ್ಟಿದ ಲ್ಯಾಕ್ಟಿಕ್ ಆಮ್ಲ ಮುಳುಗಿರುವಷ್ಟು ಹೊತ್ತು ರಕ್ತಕ್ಕೆ ಬಾರದೆ, ಪ್ರಾಣಿ ಮೇಲೆದ್ದು ಉಸಿರಾಡಿದ ಕೂಡಲೇ ಒಮ್ಮೆಗೇ ನುಗ್ಗಿ ಬರುತ್ತದೆ. ಮುಚ್ಚಿದ ವಾಲ್ವುಗಳು ತೆರೆದವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸೀಲ್‌ಗೂ ನಮಗೂ ಇರುವ ವ್ಯತ್ಯಾಸವೇ ನನ್ನ ಜಗುಲಿಯ ಅಂಕಿಗಳಿಗೆ ವಿವರಣೆ. ಸೀಲ್‌ನ ಹೃದಯ ತನ್ನ ಎಂದಿನ ಬಡಿತದ ಹತ್ತನೆಯ ಒಂದು ಭಾಗಕ್ಕೂ ಇಳಿಯಬಲ್ಲದು. ನಾಳಗಳು ಎಷ್ಟು ಬಿಗಿಯುತ್ತವೆಯೋ ಪಂಪು ಅಷ್ಟೇ ತಗ್ಗುವುದರಿಂದ ಅದರ ರಕ್ತದೊತ್ತಡ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ. ಮನುಷ್ಯರಲ್ಲಿ ಅದೇ ಹಳೆಯ ಆಜ್ಞೆ ಇದೆ, ಆದರೆ ಪಾಲನೆ ಅರೆಬರೆ. ಬಡಿತ ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಇಪ್ಪತ್ತೈದರಷ್ಟು ಇಳಿಯುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು. ನಾಳಗಳ ಬಿಗಿತ ಅದನ್ನು ಮೀರಿಸುವುದರಿಂದ ಒತ್ತಡ ಏರುತ್ತದೆ. ಆಮ್ಲಜನಕವನ್ನು ಜಿಪುಣತನದಿಂದ ಖರ್ಚು ಮಾಡಲು ಮೈ ಸಿದ್ಧವಾಗುತ್ತಿರುವ ಸ್ಥಿತಿ ಅದು. ಅದನ್ನು ನಾವು ಹಾಯೆಂದು ಓದಿಕೊಳ್ಳುತ್ತೇವೆ.

ಡಿಸೆಂಬರಿನಲ್ಲಿ ತವರಿಗೆ ಹೋದಾಗ ಇದನ್ನೆಲ್ಲ ಇನ್ನೊಮ್ಮೆ ಸರಿಯಾಗಿ ನೋಡಬೇಕೆಂಬ ಹಟ ನನ್ನಲ್ಲಿ ಉಳಿದೇ ಇತ್ತು. ತಮ್ಮನ ಮಗಳು ನರ್ಸಿಂಗ್ ಓದುತ್ತಾಳೆ. "ಅತ್ತೆ, ನಿಂಗೆ ಬೇರೆ ಕೆಲ್ಸ ಇಲ್ಯ?" ಎಂದು ನಗುತ್ತಲೇ ಅವಳು ಸಹಾಯಕ್ಕೆ ನಿಂತಳು. ಬಾವಿಯ ನೀರಿಗೆ ಮಂಜುಗಡ್ಡೆ ಹಾಕಿ, ನನ್ನ ಶಾಲೆಯ ದಿನಗಳ ಥರ್ಮಾಮೀಟರನ್ನು ಇಳಿಬಿಟ್ಟು 10 ಡಿಗ್ರಿಗೆ ತಂದೆವು. ಊಟದ ಕೋಣೆಯ ಬೆಂಚಿನ ಮೇಲೆ ಹತ್ತು ನಿಮಿಷ ಮಾತಿಲ್ಲದೆ ಕುಳಿತ ಮೇಲೆ ನನ್ನ ಒತ್ತಡ 128/78, ಬಡಿತ 74. ಮೊದಲು ಬಲಗೈಯನ್ನು ಮಣಿಕಟ್ಟಿನವರೆಗೆ ಆ ನೀರಿನಲ್ಲಿ ಒಂದು ನಿಮಿಷ ಇಟ್ಟೆ. ಕೈ ಮೊದಲು ಕೊರೆಯಿತು, ಆಮೇಲೆ ಎಲುಬಿನೊಳಗಿಂದ ನೋಯಲು ತೊಡಗಿತು. ಎಡತೋಳಿನ ಪಟ್ಟಿ ಹೇಳಿದ್ದು 145/88, ಬಡಿತ 83. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಹೈನ್ಸ್ ಮತ್ತು ಬ್ರೌನ್ ಎಂಬ ವೈದ್ಯರು 1930ರ ದಶಕದಲ್ಲಿ ಬಳಕೆಗೆ ತಂದ ಪರೀಕ್ಷೆಯಿದು, ಇಂದಿಗೂ ಪ್ರಯೋಗಾಲಯಗಳಲ್ಲಿ ನಡೆಯುತ್ತದೆ. ಕೈ ಬೆಚ್ಚಗಾಗಿ, ಮತ್ತೆ ಹಳೆಯ ಅಂಕಿಗಳು ಬರುವವರೆಗೆ ಕಾದು, ಎರಡನೆಯ ಸಲ ಅದೇ ನೀರಿನಲ್ಲಿ ತೋಯಿಸಿದ ದಪ್ಪ ಬಟ್ಟೆಯನ್ನು ಹಣೆ, ಕಣ್ಣು, ಕೆನ್ನೆಗಳ ಮೇಲೆ ಹರಡಿಕೊಂಡು, ಮೂಗು ಬಾಯಿ ತೆರೆದಿಟ್ಟು ಎಂದಿನಂತೆಯೇ ಉಸಿರಾಡುತ್ತ ಕುಳಿತೆ. ಒತ್ತಡ 141/86. ಬಡಿತ 63.

ಒಂದೇ ಬೋಗುಣಿಯ ಒಂದೇ ನೀರು. ಎರಡು ಸಲವೂ ಒತ್ತಡ ಏರಿತು, ಆದರೆ ಕೈಯ ತಂಪಿಗೆ ಹೃದಯ ಓಡಿತು, ಮುಖದ ತಂಪಿಗೆ ನಿಧಾನವಾಯಿತು. ಅರವತ್ತು ದಾಟಿದ ಒಬ್ಬಳ ಒಂದು ದಿನದ ಅಂಕಿಗಳಿಂದ ಯಾವ ಸಿದ್ಧಾಂತವೂ ಹುಟ್ಟುವುದಿಲ್ಲವೆಂದು ನಾನೇ ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಆದರೂ ಪಠ್ಯದಲ್ಲಿ ಓದಿದ್ದನ್ನು ತನ್ನ ಮೈಯಲ್ಲಿ ಎಣಿಸಿಕೊಂಡಾಗ ಆಗುವ ಸಂತೋಷವನ್ನು ಮುಚ್ಚಿಡಲಾರೆ. ಅಂದಿನ ಪ್ರಯೋಗದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಒಂದು ವೈಫಲ್ಯ. ಕೋವಿಡ್ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ಬಡಿತವನ್ನು ಅದರಿಂದಲೂ ಓದೋಣವೆಂದಿದ್ದೆವು. ಬಟ್ಟೆ ಮುಖದ ಮೇಲೆ ಬಿದ್ದು ಸ್ವಲ್ಪ ಹೊತ್ತಾಗುವಷ್ಟರಲ್ಲಿ ಅದರ ಅಲೆಯ ಗೆರೆ ಕುಗ್ಗಿ, ಅಂಕಿ ಮಾಯವಾಗಿ, ಬರೀ ಅಡ್ಡಗೆರೆಗಳು ಕಾಣಿಸಿಕೊಂಡವು. ಬ್ಯಾಟರಿ ಮುಗಿಯಿತೆಂದು ಹುಡುಗಿ ಅದನ್ನು ತಟ್ಟಿ ನೋಡಿದಳು. ಬ್ಯಾಟರಿ ಸರಿಯಾಗಿಯೇ ಇತ್ತು. ಬೆರಳ ತುದಿಯ ನಾಳಗಳು ಬಿಗಿದುಕೊಂಡು, ಓದಬೇಕಾದ ರಕ್ತವೇ ಅಲ್ಲಿ ಸಾಕಷ್ಟು ಇರಲಿಲ್ಲ. ನಾವು ತಂಪು ಮಾಡಿದ್ದು ಮುಖವನ್ನು, ತಣ್ಣಗಾದದ್ದು ಬೆರಳು. ಕೊನೆಗೆ ಅವಳು ಕೊರಳಿನ ಮೇಲೆ ಬೆರಳಿಟ್ಟು ಗಡಿಯಾರ ನೋಡುತ್ತ ಎಣಿಸಿದಳು.

ಆಮೇಲೆ ಅವಳು ತಾನೇ ಬೋಗುಣಿಯಲ್ಲಿ ಮುಖ ಅದ್ದಿ ಉಸಿರು ಹಿಡಿದಳು. ಅರ್ಧ ನಿಮಿಷದಲ್ಲಿ ಬಡಿತ 72ರಿಂದ 54ಕ್ಕೆ ಬಂತು. ಉಸಿರು ಹಿಡಿಯುವುದೂ ಮುಖ ತಂಪಾಗುವುದೂ ಕೂಡಿದಾಗ ಪರಿಣಾಮ ಒಂದೊಂದಕ್ಕಿಂತ ಹೆಚ್ಚು, ಮತ್ತು ಎಳೆಯ ವಯಸ್ಸಿನಲ್ಲಿ ಈ ಪ್ರತಿಕ್ರಿಯೆ ಬಲವಾಗಿದ್ದು ವಯಸ್ಸಾದಂತೆ ಕ್ಷೀಣಿಸುತ್ತದೆ.

ನೀರು ಎಷ್ಟು ತಣ್ಣಗಿದೆ ಎನ್ನುವುದರ ಜೊತೆಗೆ ಸುತ್ತಲಿನ ಗಾಳಿಗಿಂತ ಎಷ್ಟು ತಣ್ಣಗಿದೆ ಎನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬಿಸಿಲಿನಲ್ಲಿ ಕಾದ ಮುಖಕ್ಕೆ ಫ್ರಿಜ್ಜಿನ ನೀರು ಬಿದ್ದಾಗಿನ ಅಂತರ ಬಹಳ. ಅದೇ ದಿನ ಠಾಗೋರ್ ಕಡಲತೀರದಲ್ಲಿ ಬೆಚ್ಚಗಿನ ಸಮುದ್ರದ ನೀರನ್ನು ಮುಖಕ್ಕೆ ಎರಚಿಕೊಂಡರೆ ನಾಡಿ ಅಷ್ಟೇನೂ ಕದಲದು. ಕುಮಟೆಯಲ್ಲಿ ಕೆಲಸ ಮಾಡುತ್ತಿದ್ದಾಗ ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ತೆಗೆಯುವವರನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ ಕೆಸರಿನಲ್ಲಿ ಕೈಯಾಡಿಸುವರು, ಆಳದ ಕಡೆ ಗಂಡಸರು ದೋಣಿ ನಿಲ್ಲಿಸಿ ಮುಳುಗು ಹಾಕುವರು. ಅವರಲ್ಲೊಬ್ಬ ಹಿರಿಯರು ದೋಣಿಯ ಅಂಚನ್ನು ಹಿಡಿದು ನೀರಿನಲ್ಲಿ ನಿಂತು, ಪ್ರತಿ ಮುಳುಗಿಗೂ ಮೊದಲು ಬೊಗಸೆಯಲ್ಲಿ ನೀರೆತ್ತಿ ಹಣೆಗೂ ಕಣ್ಣಿಗೂ ಎರಡು ಮೂರು ಸಲ ಹಾಕಿಕೊಂಡೇ ಒಳಗಿಳಿಯುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ "ಮೋರೆಗೆ ನೀರು ಗುತ್ತಾಗ್ಬೇಕು ಅಕ್ಕೋರೇ, ಇಲ್ದಿದ್ರೆ ಉಸ್ರು ನಿಲ್ಲೂದಿಲ್ಲ" ಎಂದಿದ್ದರು. ಅದು ಟ್ರೈಜೆಮಿನಲ್ ನರದ ಅರಿವೆಂದು ಹೇಳಿ ಚಪ್ಪಾಳೆ ತಟ್ಟುವ ಉತ್ಸಾಹ ನನಗಿಲ್ಲ. ಅಷ್ಟೇನೂ ತಣ್ಣಗಿಲ್ಲದ ಆ ನೀರಿನಿಂದ ಅವರ ಬಡಿತ ಎಷ್ಟು ಇಳಿಯುತ್ತಿತ್ತೋ ನಾನು ಎಣಿಸಿಲ್ಲ. ಆದರೆ ಮುಳುಗಿ ಬದುಕುವವರ ಮೈ ಈ ಅಭ್ಯಾಸಕ್ಕೆ ಒಗ್ಗುತ್ತದೆಂಬುದಂತೂ ನಿಜ. ತಲೆಮಾರುಗಳಿಂದ ಸಮುದ್ರದಲ್ಲಿ ಮುಳುಗುವ ಇಂಡೊನೇಷ್ಯದ ಬಜಾವ್ ಜನರ ಗುಲ್ಮ (ಸ್ಪ್ಲೀನ್ ಎಂಬ ಅಂಗ) ಪಕ್ಕದ ನೆಲದ ಜನರದ್ದಕ್ಕಿಂತ ಸುಮಾರು ಅರ್ಧದಷ್ಟು ದೊಡ್ಡದೆಂದು 2018ರ ಒಂದು ಅಧ್ಯಯನ ತೋರಿಸಿದೆ. ಮುಳುಗಿದಾಗ ಗುಲ್ಮ ಹಿಂಡಿಕೊಂಡು, ಕೂಡಿಟ್ಟ ಕೆಂಪು ರಕ್ತಕಣಗಳನ್ನು ಹೊರಗೆ ಬಿಡುತ್ತದೆ.

ವೈದ್ಯರು ಈ ಬ್ರೇಕನ್ನು ಬೇಕೆಂದೇ ಒತ್ತುವ ಸಂದರ್ಭವೊಂದಿದೆ. ಹೃದಯದ ಮೇಲಿನ ಕೋಣೆಗಳ ಕಡೆಯಿಂದ ಹೊರಟ ವಿದ್ಯುತ್ ಸುತ್ತೊಂದು ದಾರಿ ತಪ್ಪಿ ತಿರುಗುತ್ತ, ಬಡಿತ ಇದ್ದಕ್ಕಿದ್ದಂತೆ ನಿಮಿಷಕ್ಕೆ 180, 200, ಹಸುಗೂಸುಗಳಲ್ಲಿ ಅದಕ್ಕಿಂತಲೂ ಹೆಚ್ಚು ಆಗುವ ತೊಂದರೆಯದು. ಅಂಥ ಕೂಸಿನ ಹಣೆ ಮತ್ತು ಮೂಗಿನ ಮೇಲ್ಭಾಗಕ್ಕೆ, ಉಸಿರಿಗೆ ಅಡ್ಡಿಯಾಗದಂತೆ, ಮಂಜುನೀರಿನ ಚೀಲವನ್ನು ಕೆಲವು ಸೆಕೆಂಡು ಇಡುತ್ತಾರೆ. ವೇಗಸ್ ನರ ಒಮ್ಮೆ ಬಲವಾಗಿ ಒತ್ತಿದರೆ ಆ ಸುತ್ತು ಮುರಿದು ತಾಳ ಸರಿಹೋಗಬಹುದು. ಇದು ಇ.ಸಿ.ಜಿ. ಯಂತ್ರದ ಎದುರು ವೈದ್ಯರ ಕೈಯಲ್ಲಿ ನಡೆಯಬೇಕಾದ ಕೆಲಸ, ಮನೆಮದ್ದಲ್ಲ. ಹಿಂದೆ ಕಣ್ಣುಗುಡ್ಡೆಯನ್ನು ಒತ್ತಿ ಇದೇ ಪರಿಣಾಮವನ್ನು ಪಡೆಯುತ್ತಿದ್ದರು, ಕಣ್ಣಿಗೆ ಅಪಾಯವೆಂದು ಅದನ್ನು ಕೈಬಿಟ್ಟಿದ್ದಾರೆ. ನನ್ನ ತಮ್ಮನಿಗೇ ಒಮ್ಮೆ ಹೀಗಾಗಿ, ನಾವು ಅವನ ಮುಖವನ್ನು ತಣ್ಣೀರಿನಲ್ಲಿ ಅದ್ದಿಸಿದೆವು. ಏನೂ ಆಗಲಿಲ್ಲ, ಸುಮ್ಮನೆ ಇಪ್ಪತ್ತು ನಿಮಿಷ ಕಳೆದುಹೋಯಿತು. ಆಸ್ಪತ್ರೆಯಲ್ಲಿ ಅಡೆನೊಸಿನ್ ಎಂಬ ಔಷಧ ಚುಚ್ಚಿದ ಮೇಲೆಯೇ ಅದು ನಿಂತದ್ದು. ದೊಡ್ಡವರಿಗೆ ಈಗ ಮೊದಲು ಮಾಡಿಸುವುದು ಬೇರೆ: ಬಲವಾಗಿ ಊದುವಂತೆ ಮುಕ್ಕಿರಿಸಿ, ಕೂಡಲೇ ಮಲಗಿಸಿ ಕಾಲುಗಳನ್ನೆತ್ತುವುದು. 2015ರ ಬ್ರಿಟಿಷ್ ಅಧ್ಯಯನದಲ್ಲಿ ಹೀಗೆ ಮಾಡಿದ ನೂರರಲ್ಲಿ 43 ಮಂದಿಗೆ ತಾಳ ಸರಿಹೋಯಿತು, ಕಾಲೆತ್ತದೆ ಬರೀ ಮುಕ್ಕಿರಿದ ನೂರರಲ್ಲಿ 17 ಮಂದಿಗೆ.

ಮನಸ್ಸಿನ ತಳಮಳಕ್ಕೂ ಮುಖದ ತಂಪನ್ನು ಹೇಳುವುದುಂಟು. ಅಮೆರಿಕದ ಮಾರ್ಶಾ ಲೈನೆಹಾನ್ ರೂಪಿಸಿದ ಮನೋಚಿಕಿತ್ಸೆಯಲ್ಲಿ ಇದೊಂದು ಪಾಠವೇ ಆಗಿದೆ. ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಮಾಡಬಾರದೆಂಬ ಎಚ್ಚರಿಕೆಯೂ ಅದರ ಜೊತೆಗೇ ಬರುತ್ತದೆ. ಡವಗುಟ್ಟುವ ಎದೆ ನಿಧಾನವಾದರೆ ಮನಸ್ಸೂ ಹಿಡಿತಕ್ಕೆ ಬರುವುದು ಸುಳ್ಳಲ್ಲ. ಆದ್ದರಿಂದ ಸಿಟ್ಟಿನವನಿಗೆ ತಣ್ಣೀರು ಹೇಳುವ ನಮ್ಮ ರೂಢಿಯನ್ನು ನಾನು ತಳ್ಳಿಹಾಕುವುದಿಲ್ಲ. ತಲೆಸುತ್ತಿ ಬಿದ್ದವರ ವಿಷಯ ಬೇರೆ. ಶಿರಸಿಯ ಮಾರಿಕಾಂಬಾ ಜಾತ್ರೆಯ ನೂಕುನುಗ್ಗಲಿನಲ್ಲಿ ಹೆಂಗಸೊಬ್ಬರು ಕುಸಿದಾಗ ಸುತ್ತಲಿನವರು ಅವರನ್ನು ಎತ್ತಿ ಕೂರಿಸಿ ಮುಖಕ್ಕೆ ನೀರೆರಚಿದ್ದನ್ನು ನೋಡಿದ್ದೇನೆ. ಹಾಗೆ ಬೀಳುವವರಲ್ಲಿ ಹೆಚ್ಚಿನವರ ಒತ್ತಡವೂ ಬಡಿತವೂ ಆಗಲೇ ಇಳಿದಿರುತ್ತವೆ. ಅವರಿಗೆ ಬೇಕಾದದ್ದು ಮಲಗುವುದು, ಕಾಲು ತುಸು ಮೇಲಿರುವುದು, ಸುತ್ತ ಗಾಳಿಯಾಡುವುದು. ಎತ್ತಿ ಕೂರಿಸುವುದು ಮೈ ತಾನೇ ಬಿದ್ದು ಪಡೆದುಕೊಂಡ ಉಪಾಯವನ್ನು ಕಸಿದುಕೊಂಡಂತೆ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕುವುದಂತೂ ಸಲ್ಲದು.

ಇದಕ್ಕಿಂತ ಹೆಚ್ಚು ಹೆದರಿಕೆಯಾಗುವುದು ಜಲಪಾತಗಳ ಕೆಳಗೆ. ನಮ್ಮ ಜಿಲ್ಲೆಯಲ್ಲಿ ಅವು ಬೇಕಾದಷ್ಟಿವೆ, ಮಳೆಗಾಲ ಮುಗಿದ ಮೇಲೆ ಮೈ ಬೆವರಿಸಿಕೊಂಡು ಕಾಡಿಳಿದು ಬರುವ ಹುಡುಗರು ಒಮ್ಮೆಗೇ ಗುಂಡಿಗೆ ಹಾರುವುದೂ ಇದೆ. ಮುಖಕ್ಕೆ ಮಾತ್ರ ತಂಪು ತಾಗಿದಾಗ ಹೃದಯಕ್ಕೆ ಬರುವ ಆಜ್ಞೆ ನಿಧಾನಿಸು ಎಂಬುದು. ಇಡೀ ಮೈ ಹಠಾತ್ತನೆ ತಂಪಾದಾಗ ಆಗುವುದು ಅದರ ತೀರ ವಿರುದ್ಧ: ತಡೆಯಲಾಗದ ಏದುಸಿರು, ಓಡುವ ಬಡಿತ. ಒತ್ತಡವಂತೂ ಇಲ್ಲಿಯೂ ಏರುತ್ತದೆ. ಹಾರಿದವನ ಮುಖವೂ ಮೈಯೂ ಒಟ್ಟಿಗೇ ತೋಯುವುದರಿಂದ ಹೃದಯಕ್ಕೆ ಓಡು ಎಂಬುದೂ ನಿಲ್ಲು ಎಂಬುದೂ ಏಕಕಾಲಕ್ಕೆ ತಲುಪುತ್ತವೆ. ಈ ಎಳೆದಾಟದಿಂದ ಹೃದಯದ ತಾಳ ತಪ್ಪಬಹುದೆಂದೂ, ತಣ್ಣೀರಿನಲ್ಲಿ ಈಜು ಬಲ್ಲವರೂ ಸಾಯುವ ಕೆಲವು ಪ್ರಕರಣಗಳಿಗೆ ಇದೇ ಕಾರಣವಿರಬಹುದೆಂದೂ ಬ್ರಿಟನ್ನಿನ ಶಾಟಕ್ ಮತ್ತು ಟಿಪ್ಟನ್ 2012ರಲ್ಲಿ ವಾದಿಸಿದರು. ನಮ್ಮ ಗುಂಡಿಗಳ ನೀರು ಅವರ ಸಮುದ್ರದಷ್ಟು ತಣ್ಣಗಿಲ್ಲ, ನಮ್ಮಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಸುಳಿ, ಬಂಡೆ ಮತ್ತು ಈಜು ಬಾರದಿರುವುದು. ಆದರೂ ಆ ಮೊದಲ ಏದುಸಿರು ನೀರಿನೊಳಗೆ ಬಂದರೆ ಒಳಗೆ ಹೋಗುವುದು ಗಾಳಿಯಲ್ಲ.

ಚಿಕ್ಕವಳಿದ್ದಾಗ ಅಬ್ಬಿ ನೀರಿನಲ್ಲಿ ಮೀಯುವ ದಿನ ಆಯಿ ಹೇಳುತ್ತಿದ್ದುದು ಒಂದೇ ಮಾತು: "ಒಂದೇ ಸಲ ತಲೆಗೆ ಹೊಯ್ಕ್ಯಳಡ ಕೂಸೆ, ಮೊದ್ಲು ಕಾಲಿಗೆ ಹಾಕ್ಯ." ಕಾಲು, ಮೊಣಕಾಲು, ಸೊಂಟ, ಬೆನ್ನು, ಕೊನೆಗೆ ತಲೆ. ಆಯಿಗೆ ನರಗಳ ಹೆಸರು ಗೊತ್ತಿರಲಿಲ್ಲ, ಅವಳ ಕಾಳಜಿ ಬಹುಶಃ ನೆಗಡಿಯದ್ದಾಗಿತ್ತು. ಹಿರಿಯರಿಗೆ ಎಲ್ಲವೂ ಮೊದಲೇ ತಿಳಿದಿತ್ತೆನ್ನುವ ಮಾತನ್ನು ನಾನು ಒಪ್ಪುವವಳಲ್ಲ. ಆದರೂ ಮೈಯನ್ನು ಮೆಲ್ಲಗೆ ತಂಪಿಗೆ ಒಗ್ಗಿಸುವ ಆ ಕ್ರಮವನ್ನು ಈಗಲೂ ಬಿಟ್ಟಿಲ್ಲ.

ನೆರೆಮನೆಯವರಿಗೆ ಇದನ್ನೆಲ್ಲ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಅವರ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅವರು ಕೇಳಿದ್ದು ಒಂದೇ, ಹಾಗಾದರೆ ಮುಖ ತೊಳೆಯುವುದರಿಂದ ತಮಗೇನಾದರೂ ಆಗುತ್ತದೆಯೇ ಎಂದು. ಏನೂ ಆಗುವುದಿಲ್ಲ, ನಾಳಗಳು ಬಿಗಿಯುವುದು ಸ್ವಲ್ಪ ಹೊತ್ತು, ಟವೆಲ್ಲು ತೆಗೆದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ. ಗುಳಿಗೆಯ ಲೆಕ್ಕ ತಪ್ಪಬಾರದೆಂದರೆ ಅಳೆಯುವ ಹೊತ್ತಿಗೆ ಮಾತ್ರ ಅದು ಬೇಡ ಎಂದೆ. ಈಗ ಅವರು ಬಂದು, ಬೆನ್ನು ಆನಿಸಿ, ಕಾಲು ಕೆಳಗೂರಿ, ಐದು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳುತ್ತಾರೆ. ಅವರಿಗೆ ಕಷ್ಟವಾಗುವುದು ಮಾತಿಲ್ಲದಿರುವುದೊಂದೇ. ಎರಡು ಸಲ ಅಳೆದು ನಾನು ಹಳೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಅಂಕಿ ಬರೆಯುತ್ತೇನೆ. ಮೊನ್ನೆಯದು 138/86, ಬಡಿತ 78. ಬರೆದು ಮುಗಿಸುವಷ್ಟರಲ್ಲಿ ಒಳಗೆ ಫ್ರಿಜ್ಜಿನ ಬಾಗಿಲು ತೆರೆದ ಸದ್ದು, ಬೋಗುಣಿಗೆ ನೀರು ಬಿದ್ದ ಸದ್ದು ಕೇಳುತ್ತದೆ.